ಬೆಂಕಿ ಕಂಡ ನೀಲಕ್ಕೆ ಯಾವ ಶಾಸ್ತ್ರ?

ಮಾನ್ಯ ಸಂಪಾದಕರಿಗೆ,

ಕಳೆದ ಶನಿವಾರದ ಪುರವಣಿಯಲ್ಲಿ ನೀಲದ ಹರಳಿನ ಬಗ್ಗೆ ಬಂದ ಬರಹವನ್ನು ಓದಿದೆ. ಹಾಲಿನ ಬಟ್ಟಲಲ್ಲಿ ಹಾಕಿದಾಗ ಹಾಲು ನೀಲಿಯಾಗಿ ಕಂಡರೆ ಅಸಲಿ, ಮೂರು ರಾತ್ರಿ ದಿಂಬಿನ ಕೆಳಗಿಟ್ಟು ಕೆಟ್ಟ ಕನಸು ಬೀಳದಿದ್ದರೆ ಆಗಿಬರುತ್ತದೆ, ಧರಿಸುವ ಮೊದಲು ಉಪ್ಪು ಮತ್ತು ನಿಂಬೆರಸ ಹಾಕಿದ ನೀರಿನಲ್ಲಿ ಕುದಿಸಿ ಶುದ್ಧಿ ಮಾಡಬೇಕು ಎಂದು ಅದರಲ್ಲಿತ್ತು. ಬರಹದ ಕೆಳಗೇ ಹರಳು ಮಾರುವವರ ಜಾಹೀರಾತು. ಎರಡಕ್ಕೂ ನಡುವೆ ಒಂದು ತೆಳ್ಳನೆಯ ಗೆರೆ ಮಾತ್ರ ಇತ್ತು. ನಮ್ಮ ಬೀದಿಯ ಹಲವರಿಗೆ ಆ ಗೆರೆಯೂ ಕಂಡಿಲ್ಲ.

ನಾನು ತುಮಕೂರಿನ ಚಿಕ್ಕಪೇಟೆಯಲ್ಲಿ ಚಿನ್ನ ಬೆಳ್ಳಿ ಕೆಲಸ ಮಾಡುವ ಆಚಾರಿ. ಹರಳು ಕೂರಿಸುವುದು ತಂದೆಯವರಿಂದ ಕಲಿತ ಕೈಕೆಲಸ. ಹರಳನ್ನು ನಾನು ಮಾರುವುದಿಲ್ಲ. ಗಿರಾಕಿಗಳು ತಂದುಕೊಟ್ಟದ್ದನ್ನು ಉಂಗುರಕ್ಕೆ ಕೂರಿಸಿ ಕೂಲಿ ಪಡೆಯುತ್ತೇನೆ. ನಾಸ್ತಿಕನೆಂದು ಯಾರೂ ಭಾವಿಸಬೇಕಾಗಿಲ್ಲ. ಶನಿವಾರ ಎಳ್ಳೆಣ್ಣೆಯ ದೀಪ ಹಚ್ಚುತ್ತೇನೆ, ಅನುಕೂಲವಾದಾಗ ಪಾವಗಡದ ಶನಿಮಹಾತ್ಮನ ದರ್ಶನಕ್ಕೂ ಹೋಗುತ್ತೇನೆ. ನನ್ನ ತಕರಾರು ದೇವರ ಮೇಲಲ್ಲ, ಶಾಸ್ತ್ರದ ಮೇಲೂ ಅಲ್ಲ. ಶಾಸ್ತ್ರದ ಹೆಸರು ಹೇಳಿ ಅರ್ಧ ಶ್ಲೋಕ ಮಾತ್ರ ಓದುವವರ ಮೇಲೆ.

ಹಾಲಿನ ಪರೀಕ್ಷೆಯನ್ನೇ ಮೊದಲು ತೆಗೆದುಕೊಳ್ಳೋಣ. ಇದರ ಮೂಲ ಗರುಡ ಪುರಾಣದ ರತ್ನಪರೀಕ್ಷೆಯ ಭಾಗದಲ್ಲಿದೆ. ಬಲಾಸುರನ ಕಣ್ಣುಗಳು ಸಿಂಹಳದಲ್ಲಿ ಬಿದ್ದು ಇಂದ್ರನೀಲವಾದವು ಎಂಬ ಕಥೆಯೂ ಅಲ್ಲಿಯೇ ಬರುತ್ತದೆ. ತನ್ನ ನೂರು ಪಟ್ಟು ಹಾಲಿನಲ್ಲಿಟ್ಟರೂ ಬಣ್ಣದ ಗಾಢತೆಯಿಂದ ಹಾಲನ್ನೆಲ್ಲ ನೀಲಿಯಾಗಿಸುವ ಮಣಿಗೆ ಮಹಾನೀಲ ಎಂದು ಹೆಸರು ಎನ್ನುತ್ತದೆ ಪುರಾಣ. ಇದು ಉತ್ತಮ ಹರಳಿನ ಬಣ್ಣಕ್ಕೆ ಹಾಡಿದ ಹೊಗಳಿಕೆ. ಅಸಲಿ ನಕಲಿ ಬೇರ್ಪಡಿಸುವ ಉಪಾಯ ಅಲ್ಲ. ಗಾಢ ನೀಲಿಯ ಗಾಜಿನ ಚೂರನ್ನು ಹಾಲಿನ ಲೋಟಕ್ಕೆ ಹಾಕಿ ಬಿಸಿಲಿಗೆ ಹಿಡಿಯಿರಿ, ಅದರ ಸುತ್ತಲಿನ ಹಾಲೂ ನೀಲಿಯಾಗಿಯೇ ಕಾಣುತ್ತದೆ. ಅಸಲಿಯಾದರೂ ತಿಳಿಬಣ್ಣದ ಸಿಂಹಳದ ಹರಳು ಹಾಲಿನಲ್ಲಿ ಏನನ್ನೂ ತೋರಿಸದೆ ಸುಮ್ಮನೆ ಕುಳಿತಿರುತ್ತದೆ. ಅಂದರೆ ಈ ಪರೀಕ್ಷೆಯಲ್ಲಿ ಗಾಜು ಪಾಸಾಗುತ್ತದೆ, ನೀಲ ಫೇಲಾಗುತ್ತದೆ.

ನಕಲಿ ಹಿಡಿಯುವ ದಾರಿಯನ್ನೂ ಅದೇ ಪುರಾಣ ಹೇಳಿದೆ. ಗಾಜು, ಸ್ಫಟಿಕ, ವೈಡೂರ್ಯ ಮೊದಲಾದವು ಇಂದ್ರನೀಲದ ವೇಷದಲ್ಲಿ ಬರುತ್ತವೆ, ಅವುಗಳನ್ನು ಭಾರದಿಂದಲೂ ಗಡಸಿನಿಂದಲೂ ಗುರುತಿಸಬೇಕು ಎಂಬುದು ಅದರ ಮಾತು. ಇವತ್ತಿನ ಪ್ರಯೋಗಾಲಯಗಳು ನೋಡುವುದರಲ್ಲಿ ಇವೆರಡೂ ಸೇರಿವೆ. ಒಂದೇ ಗಾತ್ರದ ನೀರಿಗೆ ಹೋಲಿಸಿದರೆ ನೀಲ ಸುಮಾರು ನಾಲ್ಕು ಪಟ್ಟು ಭಾರ. ಸ್ಫಟಿಕ ಮತ್ತು ಸಾಧಾರಣ ಗಾಜು ಎರಡೂವರೆ ಪಟ್ಟಿನ ಆಸುಪಾಸು. ಗಡಸಿನ ಮೋಸ್ ಮಾಪಕದಲ್ಲಿ ವಜ್ರಕ್ಕೆ 10, ನೀಲಕ್ಕೆ 9, ಸ್ಫಟಿಕಕ್ಕೆ 7. ಇಷ್ಟು ಸ್ಪಷ್ಟವಾದ ಮಾತನ್ನು ಬಿಟ್ಟು, ಹೊಗಳಿಕೆಯ ಸಾಲನ್ನು ಮಾತ್ರ ಎತ್ತಿಕೊಂಡು ಹಾಲಿನ ಬಟ್ಟಲು ಹಿಡಿದು ಕೂರುವುದೇಕೆ? ಬಟ್ಟಲು ಅಗ್ಗ, ಗಿರಾಕಿಯ ಕಣ್ಣಿಗೆ ಚೆಂದ. ಬೇರೆ ಕಾರಣ ನನಗೆ ತೋಚುವುದಿಲ್ಲ.

ನನ್ನ ಪತ್ರದ ಮುಖ್ಯ ವಿಷಯ ಇನ್ನು ಮುಂದಿದೆ. ಆ ಪುರಾಣದಲ್ಲೇ ಇನ್ನೊಂದು ಮಾತು ಬರುತ್ತದೆ. ಬೆಂಕಿಯನ್ನು ಪದ್ಮರಾಗಕ್ಕಿಂತಲೂ, ಅಂದರೆ ಮಾಣಿಕ್ಯಕ್ಕಿಂತಲೂ, ಹೆಚ್ಚು ತಡೆಯಬಲ್ಲದು ಇಂದ್ರನೀಲ. ಹಾಗಿದ್ದರೂ ಪರೀಕ್ಷೆಗೆಂದಾಗಲಿ, ಗುಣ ಹೆಚ್ಚಿಸಲೆಂದಾಗಲಿ ಯಾವ ಮಣಿಯನ್ನೂ ಬೆಂಕಿಗೆ ಹಾಕಬಾರದು. ಹಾಗೆ ಸುಟ್ಟು ದೋಷ ಹೊತ್ತ ಮಣಿಯಿಂದ ಧರಿಸಿದವನಿಗೂ, ಸುಟ್ಟವನಿಗೂ, ಸುಡಿಸಿದವನಿಗೂ ಅನರ್ಥ ಎಂದು ಅದು ಎಚ್ಚರಿಸುತ್ತದೆ. ಇದನ್ನು ಓದಿದ ಮೇಲೆ ಇಂದಿನ ಮಾರುಕಟ್ಟೆಯನ್ನೊಮ್ಮೆ ನೋಡಬೇಕು. ಈಗ ಮಾರಾಟವಾಗುವ ನೀಲಗಳಲ್ಲಿ ಬಹುಪಾಲು ಬೆಂಕಿ ಕಂಡಂಥವು!

ಸಿಂಹಳದ ರತ್ನಪುರದ ಸುತ್ತ ನೆಲದಡಿಯ ಜಲ್ಲಿಯ ಪದರವನ್ನು ಅಗೆದು, ಬುಟ್ಟಿಯಲ್ಲಿ ತೊಳೆದು ಹರಳು ಆರಿಸುತ್ತಾರೆ. ಅಲ್ಲಿ ಹಾಲಿನಂತೆ ಮಬ್ಬಾಗಿರುವ ಒಂದು ಬಗೆಯ ಕಲ್ಲು ಸಿಗುತ್ತದೆ, ಗೇವುಡ ಎನ್ನುತ್ತಾರೆ. ಅದಕ್ಕೆ ಹಿಂದೆ ಬೆಲೆಯೇ ಇರಲಿಲ್ಲ. 1970ರ ದಶಕದಲ್ಲಿ ಥಾಯ್ಲೆಂಡಿನ ವ್ಯಾಪಾರಿಗಳು ಅದನ್ನು ಅಗ್ಗಕ್ಕೆ ಕೊಂಡೊಯ್ದು ಕುಲುಮೆಗೆ ಹಾಕಿದರು. ಸಾವಿರದಾರುನೂರು ಡಿಗ್ರಿಯನ್ನೂ ಮೀರಿದ ಶಾಖ. ಕಲ್ಲಿನೊಳಗೆ ಮಬ್ಬು ಮಾಡುತ್ತಿದ್ದ ರೂಟೈಲ್ ಎಂಬ ಸೂಜಿಯಂಥ ಎಳೆಗಳು ಆ ಶಾಖಕ್ಕೆ ಕರಗುತ್ತವೆ, ಅವುಗಳಲ್ಲಿದ್ದ ಟೈಟಾನಿಯಂ ಹರಳಿನೊಳಗೆ ಹರಡುತ್ತದೆ. ಅಲ್ಲಿ ಮೊದಲೇ ಇದ್ದ ಕಬ್ಬಿಣದ ಅಂಶದೊಂದಿಗೆ ಅದು ಸೇರಿದಾಗ ನೀಲಿ ಬಣ್ಣ ಹುಟ್ಟುತ್ತದೆ. ಬೆಲೆಯಿಲ್ಲದ ಕಲ್ಲು ಹೀಗೆ ನೀಲವಾಯಿತು. ಥಾಯ್ಲೆಂಡಿನ ಚಂತಾಬುರಿ ಪಟ್ಟಣ ಈ ಕೆಲಸಕ್ಕೂ ಹೆಸರು ಮಾಡಿದೆ.

ಕಾಯಿಸಿದ ಮಾತ್ರಕ್ಕೆ ಅದು ನಕಲಿಯಾಗುವುದಿಲ್ಲ ಎನ್ನುವುದನ್ನೂ ಹೇಳಬೇಕು. ಕಲ್ಲು ನೆಲದಿಂದ ಬಂದದ್ದೇ, ಆ ಬಣ್ಣವೂ ಕಡೆಯವರೆಗೆ ಉಳಿಯುತ್ತದೆ. ಅಂದಕ್ಕೆ ಹಾಕಿಕೊಳ್ಳುವವರು ಧಾರಾಳವಾಗಿ ಹಾಕಿಕೊಳ್ಳಲಿ. ಆದರೆ ಶನಿದೋಷಕ್ಕೆ ಪರಿಹಾರವೆಂದು, ಶಾಸ್ತ್ರೋಕ್ತವೆಂದು ಮಾರುವವರು ಕಾಯಿಸಿದ ಹರಳನ್ನು ಕೊಟ್ಟು ಆ ಮಾತನ್ನೇ ಎತ್ತದಿದ್ದರೆ ಅದನ್ನು ಏನೆಂದು ಕರೆಯೋಣ? ಅವರ ಶಾಸ್ತ್ರದ ಲೆಕ್ಕದಲ್ಲೇ ಅದು ಅನರ್ಥದ ಮಣಿ. ಕಾಯಿಸದ ಹರಳಿಗೆ ಬೆಲೆ ಹಲವು ಪಟ್ಟು ಹೆಚ್ಚು, ಅದು ಸಿಗುವುದೂ ವಿರಳ. ಕಾಯಿಸಿದ್ದನ್ನು ಕಾಯಿಸದ ಬೆಲೆಗೆ ಮಾರಿದರೆ ಲಾಭ ಯಾರಿಗೆಂದು ವಿವರಿಸಬೇಕಾಗಿಲ್ಲ. ಗಿರಾಕಿ ಒಂದೇ ಪ್ರಶ್ನೆ ಕೇಳಿದರೂ ಸಾಕು: “ಸ್ವಾಮಿ, ಇದು ಬೆಂಕಿ ಕಂಡಿದೆಯೇ? ಇಲ್ಲವೆಂದಾದರೆ ಬಿಲ್ಲಿನಲ್ಲಿ ಬರೆದುಕೊಡಿ.”

ಪಾವಗಡದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ಹಳ್ಳಿಗಳಲ್ಲಿ ಶನಿಮಹಾತ್ಮನ ಕಥೆ ಓದಿಸುವ ರೂಢಿ ಇನ್ನೂ ಇದೆ. ವಿಕ್ರಮರಾಜ ಶನಿಯನ್ನು ಹಳಿದು ಏಳೂವರೆ ವರ್ಷ ಪಟ್ಟ ಪಾಡನ್ನು ಕೇಳಿದವರು ನೆನಪು ಮಾಡಿಕೊಳ್ಳಲಿ. ಗೋಡೆಯ ಮೇಲೆ ಬರೆದ ಹಂಸ ಹಾರವನ್ನು ನುಂಗುತ್ತದೆ, ಕಳ್ಳತನದ ಆರೋಪ ರಾಜನ ತಲೆಗೆ ಬರುತ್ತದೆ, ಕೈಕಾಲು ಕಡಿಸಿಕೊಂಡು ಗಾಣದ ಮೇಲೆ ಕುಳಿತು ಎತ್ತು ಹೊಡೆಯುತ್ತಾನೆ. ಅಷ್ಟು ಉದ್ದದ ಕಥೆಯಲ್ಲಿ ಯಾರೊಬ್ಬರೂ ಅವನಿಗೆ ನೀಲದ ಉಂಗುರ ತಂದು ತೊಡಿಸುವುದಿಲ್ಲ. ಅವನನ್ನು ಕಷ್ಟಕ್ಕೆ ನೂಕಿದ್ದೇ ಒಂದು ಒಡವೆ. ನೀಲದಿಂದ ಶನಿ ಒಲಿಯುತ್ತಾನೋ ಇಲ್ಲವೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಸಾಲ ಮಾಡಿ ನೀಲ ಕೊಂಡವರು ಮಾತ್ರ ನನ್ನ ಅಂಗಡಿಯ ಕಟ್ಟೆಯ ಮೇಲೆ ಬೇಕಾದಷ್ಟು ಮಂದಿ ಕುಳಿತೆದ್ದಿದ್ದಾರೆ.

ಅವರಲ್ಲೊಬ್ಬರು ನಿವೃತ್ತ ಬಸ್ ಕಂಡಕ್ಟರು. ಮಗಳ ಮದುವೆ ಮುಂದೆ ಹೋಗುತ್ತಲೇ ಇತ್ತು. ಟಿ.ವಿ.ಯಲ್ಲಿ ಕಂಡ ಒಬ್ಬರಿಗೆ ಫೋನ್ ಮಾಡಿ, ನಿವೃತ್ತಿಯ ಹಣದಲ್ಲಿ ದೊಡ್ಡದೊಂದು ಪಾಲು ಕೊಟ್ಟು ಕೊರಿಯರ್‌ನಲ್ಲಿ ಹರಳು ತರಿಸಿದ್ದರು. ಜೊತೆಗೆ ಹೊಳೆಯುವ ಅಕ್ಷರದ ಒಂದು ಕಾರ್ಡು, ಅದರಲ್ಲಿ ‘ಕಾಶ್ಮೀರದ ನೀಲ’ ಎಂಬ ಮುದ್ರೆ. ಮಸೂರದಡಿ ಹಿಡಿದರೆ ಒಳಗೆ ಬಿಲ್ಲಿನಂತೆ ಬಾಗಿದ ಬಣ್ಣದ ಪಟ್ಟಿಗಳು ಕಂಡವು. ನೆಲದಲ್ಲಿ ಬೆಳೆದ ನೀಲದಲ್ಲಿ ಬಣ್ಣದ ಪಟ್ಟಿಗಳು ನೇರವಾಗಿರುತ್ತವೆ, ಕೂಡುವಲ್ಲಿ ಆರುಮೂಲೆಯ ಕೋನಕ್ಕೆ ತಿರುಗುತ್ತವೆ. ಬಾಗಿದ ಪಟ್ಟಿ ಕಂಡರೆ ಅದು ಕಾರ್ಖಾನೆಯ ಜ್ವಾಲೆಯಲ್ಲಿ ಪುಡಿ ಕರಗಿಸಿ ಹನಿಹನಿಯಾಗಿ ಬೆಳೆಸಿದ್ದು. ಫ್ರಾನ್ಸಿನ ವೆರ್ನೂಯಿ ಎಂಬ ವಿಜ್ಞಾನಿ ಈ ವಿಧಾನದಿಂದ ಮಾಡಿದ ಕೆಂಪು ಹರಳನ್ನು 1902ರಲ್ಲಿ ಪ್ರಕಟಪಡಿಸಿದರು, ಕೆಲವೇ ವರ್ಷಗಳಲ್ಲಿ ನೀಲಿಯೂ ಬಂತು. ನೂರು ವರ್ಷ ದಾಟಿದ ಈ ಹರಳು ಇವತ್ತಿಗೂ ಕಾಶ್ಮೀರದ ಹೆಸರಿನಲ್ಲಿ ಅಂಚೆಯಲ್ಲಿ ಬರುತ್ತಿದೆ. ಅವರ ಮುಂದೆ ಆ ಮಾತು ಹೇಳುವುದು ಕಷ್ಟವಾಯಿತು, ಆದರೂ ಹೇಳಿದೆ. ಕಂಪನಿಗೆ ಫೋನ್ ಮಾಡಿದರೆ, ಧರಿಸಿದ ಹರಳನ್ನು ಹಿಂದಕ್ಕೆ ಪಡೆದರೆ ದೋಷ ತಮಗೆ ಅಂಟುತ್ತದೆ ಎಂದರಂತೆ. ಇಷ್ಟು ಜಾಣ ಉತ್ತರವನ್ನು ನಾನು ಬೇರೆ ಯಾವ ವ್ಯಾಪಾರದಲ್ಲೂ ಕೇಳಿಲ್ಲ.

ಕಾಶ್ಮೀರದ ನೀಲ ಸುಳ್ಳಲ್ಲ. 1881ರ ಸುಮಾರಿಗೆ ಪಾಡರ್ ಸೀಮೆಯ ಸುಮ್ಜಾಮ್ ಹಳ್ಳಿಯ ಮೇಲಿನ ಬೆಟ್ಟದಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿ, ಗುಡ್ಡ ಕುಸಿದು ಅದು ಬೆಳಕಿಗೆ ಬಂತು. ಸುದ್ದಿ ತಿಳಿದ ಮಹಾರಾಜರು ಕಾವಲು ಹಾಕಿಸಿದರು. ಒಳ್ಳೆಯ ಹರಳುಗಳೆಲ್ಲ 1887ರ ಹೊತ್ತಿಗೆ ಬಹುತೇಕ ಬರಿದಾದವು. ಮಖಮಲ್ಲಿನಂಥ ಆ ಮೃದು ನೀಲಿಗೆ ಇಂದಿಗೂ ಸಾಟಿಯಿಲ್ಲ, ಅದಕ್ಕೇ ಅವು ದೊಡ್ಡ ದೊಡ್ಡ ಹರಾಜುಗಳಲ್ಲಿ ಕೈ ಬದಲಾಯಿಸುತ್ತವೆ. ತುಮಕೂರಿಗೆ ಕೊರಿಯರ್‌ನಲ್ಲಿ ಬರುವುದಿಲ್ಲ.

ನೀಲ ಎಂದರೇನು ಎಂಬುದನ್ನು ನಿಮ್ಮ ಬರಹ ಮುಟ್ಟಲೇ ಇಲ್ಲ. ಅದು ಕುರುಂದ, ಅಲ್ಯೂಮಿನಿಯಂ ಮತ್ತು ಆಮ್ಲಜನಕ ಕೂಡಿದ ಖನಿಜ. ಹಳೆಯ ಮೈಸೂರು ಸೀಮೆಯಲ್ಲಿ ಸಿಗುವ ಮಂಕು ಬಣ್ಣದ ಕುರುಂದವನ್ನು ಪುಡಿ ಮಾಡಿ, ಅರಗಿನಲ್ಲಿ ಕಲಸಿ ಸಾಣೆ ಮಾಡುತ್ತಿದ್ದರು. ಕತ್ತಿ ಮಸೆಯುವ ಸಾಣೆಯಲ್ಲಿರುವುದೂ ರಾಜರ ಕಿರೀಟದಲ್ಲಿರುವುದೂ ಒಂದೇ ವಸ್ತು. ತುಸು ಕ್ರೋಮಿಯಂ ಸೇರಿದರೆ ಮಾಣಿಕ್ಯ, ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲ. ಗುರುವಿಗೆಂದು ಕೊಡುವ ಹಳದಿ ಕನಕಪುಷ್ಯರಾಗವೂ ಇದೇ ಮನೆತನ. ಮಾಣಿಕ್ಯ ಸೂರ್ಯನದು, ನೀಲ ಸೂರ್ಯಪುತ್ರ ಶನಿಯದು. ತಂದೆಗೂ ಮಗನಿಗೂ ಆಗುವುದಿಲ್ಲ, ಎರಡನ್ನೂ ಒಂದೇ ಕೈಗೆ ಹಾಕಬಾರದು ಎನ್ನುತ್ತಾರೆ ಜ್ಯೋತಿಷಿಗಳು. ಖನಿಜಶಾಸ್ತ್ರವನ್ನು ಕೇಳಿದರೆ ಇಬ್ಬರದೂ ಒಂದೇ ರಕ್ತ. ಹೀಗೆ ಹೊಂದುವಂತೆ ಹಂಚಿದವರಿಗೆ ಯಾವ ಪ್ರಯೋಗಾಲಯವಿತ್ತೋ ಎಂದು ಕೆಲಸದ ನಡುವೆ ಕೆಲವೊಮ್ಮೆ ನಗು ಬರುತ್ತದೆ.

ನೀಲದ ಶಾಪದ ಕಥೆಗಳಿಗೂ ಕೊರತೆಯಿಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ‘ದೆಹಲಿಯ ನೇರಳೆ ನೀಲ’ ಎಂಬ ಮಣಿಯಿದೆ. 1857ರ ದಂಗೆಯ ಕಾಲದಲ್ಲಿ ಕಾನ್ಪುರದ ಇಂದ್ರನ ಗುಡಿಯಿಂದ ಲೂಟಿಯಾದದ್ದು, ಇಟ್ಟುಕೊಂಡವರನ್ನೆಲ್ಲ ಹಾಳು ಮಾಡಿದ್ದು ಎಂದು ಅದರ ಒಡೆಯ ಪತ್ರ ಬರೆದು ಜೊತೆಗಿಟ್ಟಿದ್ದ. ವಿಜ್ಞಾನಿಗಳು ನೋಡಿದರೆ ಅದು ನೀಲವೇ ಅಲ್ಲ, ಅಮೆಥಿಸ್ಟ್ ಎಂಬ ನೇರಳೆ ಸ್ಫಟಿಕ. ನಿಜವಾದ ನೀಲವೇ ಆಗಿದ್ದರೆ ಇನ್ನೇನು ಮಾಡಿಬಿಡುತ್ತಿತ್ತೋ!

ಬಡವರ ಕೈಗೆ ಹೆಚ್ಚಾಗಿ ಸಿಗುವ ಮೋಸ ಬೇರೆಯೇ. ಬಿರುಕುಬಿಟ್ಟ ಕೀಳು ಕುರುಂದದೊಳಕ್ಕೆ ಕೋಬಾಲ್ಟ್ ಬೆರೆತ ನೀಲಿ ಸೀಸದ ಗಾಜನ್ನು ಕರಗಿಸಿ ತುಂಬುತ್ತಾರೆ. ಸೀಳಿದ ಗೋಡೆಗೆ ಗಾರೆ ಮೆತ್ತಿ ಸುಣ್ಣ ಬಳಿದ ಹಾಗೆ, ಮೇಲುನೋಟಕ್ಕೆ ಎಲ್ಲವೂ ಸರಿ. ನಿಮ್ಮ ಬರಹದ ಉಪ್ಪು ನಿಂಬೆಯ ಶುದ್ಧಿ ಅಪಾಯಕಾರಿಯಾಗುವುದು ಇಲ್ಲಿ. ನಿಂಬೆರಸದ ಹುಳಿ ಸಾಕು, ಆ ಗಾಜು ಸವೆದು ಹರಳಿನ ಮೈಮೇಲೆ ಬಿಳಿ ಗೀರುಗಳೇಳುತ್ತವೆ. ಅದನ್ನು ಕಂಡು ಶನಿ ಮುನಿದನೆಂದು ಹೆದರಿ, ಇನ್ನೊಂದು ಹರಳಿಗೆ ಹಣ ಕಟ್ಟಿದವರೂ ಇದ್ದಾರೆ. ಇನ್ನು ಉಪರತ್ನವೆಂದು ಕೊಡುವ ಅಯೋಲೈಟ್ ಎಂಬ ಬೇರೆ ಜಾತಿಯ ಕಲ್ಲು ಮೋಸವೇನಲ್ಲ, ಅದರ ಹೆಸರು ಹೇಳಿಯೇ ಮಾರಿದರೆ. ತಿರುಗಿಸಿ ನೋಡಿದರೆ ಒಂದು ಕಡೆಯಿಂದ ನೇರಳೆ ಮಿಶ್ರಿತ ನೀಲಿ, ಇನ್ನೊಂದು ಕಡೆಯಿಂದ ಹೆಚ್ಚುಕಡಿಮೆ ಬಣ್ಣವಿಲ್ಲದ ತಿಳಿ ಹಳದಿ ಕಾಣುತ್ತದೆ. ಅದಕ್ಕೆ ಮಸೂರವೂ ಬೇಡ.

ತೂಕದ ಗೊಂದಲ ಬೇರೆ. ಗುಲಗಂಜಿಯ ಹಳೆಯ ಲೆಕ್ಕದಲ್ಲಿ ಒಂದು ರತ್ತಿ ಸುಮಾರು 121 ಮಿಲಿಗ್ರಾಂ. ಹರಳು ವ್ಯಾಪಾರಿಗಳು ಈಗ ರತ್ತಿ ಎನ್ನುವುದು ಸುಮಾರು 180 ಮಿಲಿಗ್ರಾಮಿಗೆ. ಒಂದು ಗ್ರಾಂ ತೂಗುವ ಹರಳು ಒಬ್ಬರಲ್ಲಿ ಐದೂವರೆ ರತ್ತಿ, ಇನ್ನೊಬ್ಬರಲ್ಲಿ ಎಂಟನ್ನೂ ದಾಟುತ್ತದೆ. ಕ್ಯಾರೆಟ್ ಎಂದರೆ ಎಲ್ಲೆಡೆಯೂ 200 ಮಿಲಿಗ್ರಾಂ. ಆದ್ದರಿಂದ ಕ್ಯಾರೆಟ್‌ನಲ್ಲೇ ಬರೆಸಿಕೊಳ್ಳಿ.

ಉಂಗುರದ ಮೇಲೆ ಹಾಲ್‌ಮಾರ್ಕ್ ಇದೆಯಲ್ಲ ಎಂದು ಗಿರಾಕಿಗಳು ತೋರಿಸುತ್ತಾರೆ. ಆ ಮುದ್ರೆ ಲೋಹದ ಶುದ್ಧತೆಗೆ ಮಾತ್ರ, ಅದರೊಳಗೆ ಕುಳಿತ ಹರಳಿಗೂ ಅದಕ್ಕೂ ಸಂಬಂಧವಿಲ್ಲ. ಹರಳಿಗೆ ಬೇಕಾದದ್ದು ಮಾರಾಟಗಾರನದಲ್ಲದ, ಸ್ವತಂತ್ರ ಪ್ರಯೋಗಾಲಯದ ವರದಿ. ಅಂಥವು ಬೆಂಗಳೂರಿನಲ್ಲೇ ಇವೆ. ನೈಸರ್ಗಿಕವೋ ಅಲ್ಲವೋ, ಕಾಯಿಸಿದ ಗುರುತು ಇದೆಯೋ, ಏನಾದರೂ ತುಂಬಿದ್ದಾರೋ ಎಂಬ ಮೂರು ವಿಷಯ ವರದಿಯಲ್ಲಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರವೇ. ಐದು ಲಕ್ಷ ರೂಪಾಯಿಯವರೆಗಿನ ಖರೀದಿಯ ದೂರನ್ನು ಜಿಲ್ಲಾ ಗ್ರಾಹಕ ಆಯೋಗಕ್ಕೆ ಕೊಡಲು ಶುಲ್ಕವಿಲ್ಲ. ಕಂಡಕ್ಟರಿಗೆ ಇದನ್ನೇ ಹೇಳಿದೆ. ಅವರ ಬಳಿ ಇದ್ದದ್ದು ಹೊಳೆಯುವ ಕಾರ್ಡು ಮಾತ್ರ, ಬಿಲ್ ಇರಲಿಲ್ಲ.

ದಾರಿ ತಪ್ಪಿಸುವ ಜಾಹೀರಾತುಗಳ ವಿಷಯದಲ್ಲಿ ಆ ಕಾಯ್ದೆ ಪ್ರಕಟಿಸುವವರನ್ನೂ ಪೂರ್ತಿ ಹೊರಗಿಟ್ಟಿಲ್ಲ ಎಂಬುದು ತಮಗೆ ಗೊತ್ತಿರುವ ಸಂಗತಿ. ಜಾಹೀರಾತು ನಿಲ್ಲಿಸಿ ಎಂದು ಕೇಳುವಷ್ಟು ಅಮಾಯಕ ನಾನಲ್ಲ; ಪತ್ರಿಕೆಯೂ ನಡೆಯಬೇಕು. ಆದರೆ ಬರಹದಲ್ಲಿ ಬಂದ ನಿಂಬೆಯ ಸಲಹೆಗೆ ಅದೇ ಪುರವಣಿಯ ಅದೇ ಪುಟದಲ್ಲಿ ತಿದ್ದುಪಡಿ ಹಾಕಿ. ಹರಳಿನ ಜಾಹೀರಾತು ಕೊಡುವವರು ‘ಕಾಯಿಸಿದ್ದು’ ಅಥವಾ ‘ಕಾಯಿಸದ್ದು’ ಎಂದು ನಮೂದಿಸಲೇಬೇಕೆಂದು ನಿಯಮ ಮಾಡಿ. ಎಷ್ಟು ಮಂದಿ ಉಳಿಯುತ್ತಾರೋ ನೋಡೋಣ.

ಮನೆಯಲ್ಲಿ ಈಗಾಗಲೇ ನೀಲ ಇರುವವರಿಗಾಗಿ ಕೆಲಸದವನ ನಾಲ್ಕು ಮಾತು. ಏನೂ ತುಂಬದ ನೀಲಕ್ಕೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು ಅಥವಾ ಅಂಟುವಾಳದ ನೊರೆ, ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸಾಕು. ಹರಳಿನ ಹಿಂಬದಿಯನ್ನು ತಿಕ್ಕಿ. ಹೊಳಪು ಕುಂದುವುದು ಅಲ್ಲಿ ಕೂರುವ ಎಣ್ಣೆ ಮತ್ತು ಅರಿಶಿನದಿಂದ. ಹುಣಸೆಹಣ್ಣು ಹಿತ್ತಾಳೆ ಪಾತ್ರೆಗೆ ಇರಲಿ. ವಜ್ರದ ಓಲೆಯ ಜೊತೆ ಒಂದೇ ಡಬ್ಬಿಯಲ್ಲಿ ನೀಲವನ್ನು ಹಾಕಬೇಡಿ, ಅದನ್ನು ಗೀರಬಲ್ಲದ್ದು ವಜ್ರವೇ. ಅಷ್ಟು ಗಡಸಾದರೂ ಕಲ್ಲಿನ ನೆಲಕ್ಕೆ ಬಿದ್ದರೆ ಅಂಚು ಮುಕ್ಕಾಗುತ್ತದೆ. ಬಟ್ಟೆ ಒಗೆಯುವಾಗ, ಕಾಯಿ ಸುಲಿಯುವಾಗ ತೆಗೆದಿಡಿ. ಆಗಾಗ ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ. ಕಟಕಟ ಎಂದರೆ ಹರಳನ್ನು ಕಚ್ಚಿಹಿಡಿದ ಹಲ್ಲುಗಳು ಸವೆದಿವೆ ಎಂದರ್ಥ.

ಅಜ್ಜಿಯ ಕಾಲದ ಒಡವೆಗಳ ರೀತಿ ಬೇರೆ. ಅವುಗಳಲ್ಲಿ ಹರಳಿನ ಹಿಂಬದಿ ಮುಚ್ಚಿರುತ್ತದೆ, ಒಳಗೆ ಅರಗು, ಹರಳಿನಡಿಯಲ್ಲಿ ಮಿಂಚಲೆಂದು ಬೇಗಡೆ ಎಂಬ ಹೊಳೆಯುವ ತೆಳು ತಗಡು. ಅದಕ್ಕೆ ನೀರು ತಾಗಿಸಲೇಬಾರದು. ನೀರಿಳಿದರೆ ಬೇಗಡೆ ಕಪ್ಪಾಗಿ ಹರಳು ಸತ್ತಂತೆ ಕಾಣುತ್ತದೆ, ಆಮೇಲೆ ಇಡೀ ಒಡವೆಯನ್ನು ಬಿಚ್ಚಿ ಹೊಸದಾಗಿ ಕಟ್ಟಬೇಕಾಗುತ್ತದೆ. ಆ ಕೆಲಸ ಬಲ್ಲವರು ನಮ್ಮ ಪೇಟೆಯಲ್ಲಿ ಕಡಿಮೆಯಾಗುತ್ತಿದ್ದಾರೆ. ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಹತ್ತಿಯಲ್ಲಿ ಸುತ್ತಿಡಿ.

ಉಂಗುರವನ್ನು ಬಿಗಿ ಅಥವಾ ಸಡಿಲ ಮಾಡಿಸಲು ಕೊಟ್ಟಾಗ ಹರಳನ್ನು ಬಿಚ್ಚಿಯೇ ಬೆಸೆಯಲು ಹೇಳಿ. ಬೆಸುಗೆಗೆ ಹಚ್ಚುವ ಬಿಳಿಗಾರ ಕಾದಾಗ ನೀಲದ ಮೈಯನ್ನೂ ತಿನ್ನುತ್ತದೆ, ಗಾಜು ತುಂಬಿದ ಹರಳಾದರೆ ಕಣ್ಣೆದುರೇ ಹಾಳಾಗುತ್ತದೆ. ಬಿಚ್ಚಿ ಕೂರಿಸಲು ಕೂಲಿ ಸ್ವಲ್ಪ ಹೆಚ್ಚು ಬೀಳುತ್ತದೆ. ಅದಕ್ಕೆ ಚೌಕಾಸಿ ಮಾಡಬೇಡಿ.

ಇಂತಿ ತಮ್ಮ ಓದುಗ,
ಹರಳು ಕೂರಿಸುವ ಒಬ್ಬ ಆಚಾರಿ
ಚಿಕ್ಕಪೇಟೆ, ತುಮಕೂರು